ಅಳಲೆಕಾಯಿಯ ಎರಡು ಚರಿತ್ರೆ

ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಬೆರಳು ಕಪ್ಪಾಗುತ್ತದೆ. ದಾಳಿಂಬೆಯ ಸಿಪ್ಪೆಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ನೀರು ಮಸಿಯಂತಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅಣ್ಣಭೇದಿ, ಅಂದರೆ ಕಬ್ಬಿಣದ ಉಪ್ಪು, ಬೆರೆಸಿದರೆ ಬಟ್ಟೆಗೂ ಬರಹಕ್ಕೂ ಆಗುವ ಕಪ್ಪು ಸಿಗುತ್ತದೆ. ಇವೆಲ್ಲದರ ಹಿಂದೆ ಇರುವುದು ಒಂದೇ ಸಂಗತಿ. ಗಿಡದ ಒಗರು ಲೋಹದ ಜೊತೆ ಸೇರಿದರೆ ಸುಮ್ಮನಿರುವುದಿಲ್ಲ. ಈ ಒಗರಿಗೆ ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಎಂಬ ಹೆಸರಿದೆ. ಆ ಹೆಸರು ಬಂದದ್ದೇ ತೊಗಲು ಹದ ಮಾಡುವ ಕಸುಬಿನಿಂದ.

ಕಳೆದ ಎರಡು ದಶಕಗಳಲ್ಲಿ ಈ ಒಗರಿಗೆ ಹೊಸ ಕೆಲಸ ಸಿಕ್ಕಿದೆ. ಸಿಲ್ವರ್ ನೈಟ್ರೇಟಿನ ನೀರು ನೋಡಲು ಬರೀ ನೀರಿನಂತೆಯೇ ಇರುತ್ತದೆ. ಅದಕ್ಕೆ ಎಲೆಯದ್ದೋ ಕಾಯಿಯದ್ದೋ ಕಷಾಯ ಸುರಿದರೆ ಬಣ್ಣ ಹಳದಿಗೆ ತಿರುಗಿ, ಆಮೇಲೆ ಕಂದಾಗುತ್ತದೆ. ಬಣ್ಣ ತಿರುಗಿತೆಂದರೆ ನೀರಿನಲ್ಲಿ ಬೆಳ್ಳಿಯ ಅತಿ ಸಣ್ಣ ಕಣಗಳು ಹುಟ್ಟಿವೆ ಎಂದರ್ಥ. ಒಂದು ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಈ ಕಣಗಳದ್ದು ಹತ್ತು, ಇಪ್ಪತ್ತು, ಐವತ್ತು. ವಿಷಕಾರಿ ರಾಸಾಯನಿಕಗಳ ಬದಲು ಗಿಡಮರದ ರಸದಿಂದಲೇ ಕಣಗಳನ್ನು ಮಾಡುವ ಈ ವಿಧಾನವನ್ನು ಹಸಿರು ವಿಧಾನ ಎನ್ನುತ್ತಾರೆ.

ಇಂಥ ಪ್ರಬಂಧಗಳನ್ನು ಓದುವ ಅಭ್ಯಾಸ ನನಗಿದೆ. ಹೆಚ್ಚಿನವುಗಳ ಪೀಠಿಕೆಯಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ಈ ಸಸ್ಯ ಆಯುರ್ವೇದದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ ಎಂದು. ಅಳಲೆಕಾಯಿಯ ವಿಷಯದಲ್ಲೂ ಹಾಗೆಯೇ. ತ್ರಿಫಲದ ಮೂರು ಕಾಯಿಗಳಲ್ಲಿ ಇದೊಂದು, ಉಳಿದೆರಡು ನೆಲ್ಲಿ ಮತ್ತು ತಾರೆ. ವೈದ್ಯರ ಹೆಸರು ಬಂತು, ಸರಿ. ಆದರೆ ಇದೇ ಕಾಯಿಯನ್ನು ಮೂಟೆಗಟ್ಟಲೆ ಕುಟ್ಟಿ, ನೆನೆಸಿ, ಅದರ ಒಗರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ದಿನವೂ ನೋಡಿದವರು ಬೇರೆ ಇದ್ದರು. ಅವರ ಹೆಸರು ಆ ಪೀಠಿಕೆಗಳಲ್ಲಿ ನನಗೆ ಕಂಡಿಲ್ಲ. ಅವರನ್ನು ಹುಡುಕಲು ದೂರ ಹೋಗಬೇಕಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಬಂದರೆ ಸಾಕು.

ಈ ಸೀಮೆಯ ಚಪ್ಪಲಿ ಜಗತ್ತಿಗೆ ಗೊತ್ತು, ಆದರೆ ಕೊಲ್ಹಾಪುರದ ಹೆಸರಿನಲ್ಲಿ. ಅಥಣಿ, ಮದಭಾವಿ, ನಿಪ್ಪಾಣಿಯ ಕಡೆ ಮಾಡಿದ ಮಾಲು ಕೊಲ್ಹಾಪುರದ ಪೇಟೆ ಸೇರಿ ಆ ಊರಿನದ್ದೇ ಆಯಿತು. 1956ರವರೆಗೆ ಇದೆಲ್ಲ ಮುಂಬಯಿ ಆಡಳಿತದ ಭಾಗವಾಗಿತ್ತು. ವ್ಯಾಪಾರಕ್ಕೆ ಗಡಿ ಎಂಬುದು ಇರಲೂ ಇಲ್ಲ. 2019ರ ಹೊತ್ತಿಗೆ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು.

ಚಪ್ಪಲಿ ಹೊಲಿಯುವುದು ಕಸುಬಿನ ಕೊನೆಯ ಹಂತ. ಮೊದಲು ತೊಗಲು ಹದವಾಗಬೇಕು. ಸತ್ತ ಎತ್ತು, ಎಮ್ಮೆಯ ತೊಗಲನ್ನು ತೊಳೆದು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಕೂದಲು ಸಡಿಲಾದ ಮೇಲೆ ಹೆರೆದು, ಒಳಮೈಗೆ ಅಂಟಿದ ಮಾಂಸ ತೆಗೆದು, ಸುಣ್ಣ ಹೋಗುವವರೆಗೆ ಮತ್ತೆ ತೊಳೆಯುತ್ತಾರೆ. ಆಮೇಲೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಸರದಿ. ಜಾಲಿ ಅಥಣಿಯ ಎರೆಹೊಲಗಳ ಬದುವಿನ ಮರ. ಅಳಲೆ ಸಹ್ಯಾದ್ರಿಯ ಕಾಡಿನದು, ಮರಾಠಿಯವರ ಬಾಯಲ್ಲಿ ಹಿರಡಾ. ಒಗರಿನ ನೀರಿನಲ್ಲಿ ನೆಂದ ತೊಗಲನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆ ಮತ್ತು ಕಾಯಿಯ ಪುಡಿ ತುಂಬಿ ನೀರು ಹೊಯ್ಯುತ್ತಾರೆ. ನೀರು ತೊಗಲಿನ ಮೂಲಕವೇ ಜಿನುಗಿ ಕೆಳಗೆ ಬೀಳುತ್ತದೆ. ಬಿದ್ದದ್ದನ್ನು ಮತ್ತೆ ಮೇಲೆ ಸುರಿಯುತ್ತಾರೆ. ಎಲ್ಲ ಮುಗಿಯಲು ವಾರಗಳೇ ಬೇಕು.

ಇಲ್ಲಿ ನಡೆಯುವುದು ಇಷ್ಟು. ಹಸಿ ತೊಗಲಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿವೆ. ಟ್ಯಾನಿನ್ನಿನ ಅಣುವಿಗೆ ಹಲವು ಕೈ, ಅದು ಒಂದೇ ಸಲಕ್ಕೆ ಹಲವು ಎಳೆಗಳನ್ನು ಹಿಡಿದು ಕಟ್ಟುತ್ತದೆ. ಕಟ್ಟು ಬಿದ್ದ ಎಳೆ ಕೊಳೆಯುವುದಿಲ್ಲ. ಕೆಲಸ ಮುಗಿಯಿತೇ ಎಂದು ತಿಳಿಯಲು ತೊಗಲಿನ ಅಂಚು ಕೊಯ್ದು, ಬಣ್ಣ ನಡುವಿನವರೆಗೆ ಇಳಿದಿದೆಯೇ ಎಂದು ನೋಡುತ್ತಾರೆ. ತೊಗಟೆ ಎಲ್ಲ ವರ್ಷವೂ ಒಂದೇ ಸಮ ಇರುವುದಿಲ್ಲ. ಎಳೆಯ ಮರದ್ದು ಬೇರೆ, ಹಳೆಯ ಮರದ್ದು ಬೇರೆ. ಮಳೆಗಾಲದ ಕಾಯಿ ಬೇರೆ, ಬೇಸಿಗೆಯಲ್ಲಿ ಒಣಗಿದ್ದು ಬೇರೆ. ಈ ಏರುಪೇರನ್ನೆಲ್ಲ ಕಣ್ಣು, ಮೂಗು, ಬೆರಳಿನಿಂದ ಅಳೆದು ಪ್ರತಿ ಸಲವೂ ಒಂದೇ ಗುಣದ ತೊಗಲು ತೆಗೆಯುವುದಕ್ಕೆ ಕನ್ನಡದಲ್ಲಿ ಒಂದು ಮಾತಿದೆ: ಹದ. ಬೆಲ್ಲದ ಪಾಕಕ್ಕೂ, ಬಿತ್ತುವ ನೆಲಕ್ಕೂ, ತೊಗಲಿಗೂ ನಾವು ಬಳಸುವುದು ಇದೊಂದೇ ಮಾತು.

ಬೆಲ್ಲದ ಹದ ಬಲ್ಲವನಿಗೆ ಊರಲ್ಲಿ ಮರ್ಯಾದೆ ಇತ್ತು. ತೊಗಲಿನ ಹದ ಬಲ್ಲವನನ್ನು ಊರ ಹೊರಗೆ ಇಟ್ಟರು. ಹದ ಮಾಡುವ ಡೋರರು, ಹೊಲಿಯುವ ಸಮಗಾರರು, ಇಬ್ಬರ ಕೇರಿಯೂ ಹೊರಗೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಶರಣರ ನಡುವೆ ಕೂತರು ಎಂಬುದೇ ಅಂದಿನ ಸಮಾಜಕ್ಕೆ ದೊಡ್ಡ ಆಘಾತವಾಗಿತ್ತು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ತೊಗಲನ್ನೇ ಹದ ಮಾಡಿ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕಕ್ಕಯ್ಯನ ಸಮಾಧಿ ಇದೇ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿದೆ. ಕಲ್ಯಾಣದ ನಂತರವೂ ಕೇರಿ ಮಾತ್ರ ಹೊರಗೇ ಉಳಿಯಿತು. ಒಂದೇ ಅಳಲೆಕಾಯಿ ವೈದ್ಯನ ಕಲ್ಬತ್ತಿನಲ್ಲಿ ಪವಿತ್ರ, ಡೋರನ ಕುಣಿಯಲ್ಲಿ ಮೈಲಿಗೆ.

ಇದೇ ಒಗರು ಯುರೋಪಿನಲ್ಲಿ ಬೇರೆ ದಾರಿ ಹಿಡಿಯಿತು. 1803ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಒಗರು ಸಸ್ಯಗಳ ಮೇಲೆ, ಅವು ತೊಗಲು ಹದ ಮಾಡುವ ಬಗೆಯ ಮೇಲೆ ಒಂದು ದೀರ್ಘ ಪ್ರಬಂಧ ಬರೆದ. ಮುಂಬಯಿ ಮತ್ತು ಬಂಗಾಳದಿಂದ ಬಂದ ಕಾಚನ್ನು, ಅಂದರೆ ಎಲೆಯಡಿಕೆಗೆ ಹಾಕುವ ಕಾಚನ್ನೇ, ಪರೀಕ್ಷಿಸಿ ಅದರಲ್ಲಿ ಟ್ಯಾನಿನ್ ಬಹಳ ಇದೆ ಎಂದು ತೋರಿಸಿದ. ಎರಡು ವರ್ಷದ ನಂತರ, 1805ರಲ್ಲಿ, ರಾಯಲ್ ಸೊಸೈಟಿ ಅವನಿಗೆ ಕಾಪ್ಲೆ ಪದಕ ಕೊಟ್ಟು ಗೌರವಿಸಿತು.

1841ರಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕ್ಯಾಲೊಟೈಪ್ ಎಂಬ ಛಾಯಾಚಿತ್ರದ ವಿಧಾನಕ್ಕೆ ಪೇಟೆಂಟ್ ಪಡೆದ. ಬೆಳ್ಳಿಯ ಉಪ್ಪು ಸವರಿದ ಕಾಗದದ ಮೇಲೆ ಬೆಳಕು ಬಿದ್ದ ಗುರುತು ಮೊದಲು ಕಣ್ಣಿಗೆ ಕಾಣದು. ಅದನ್ನು ಕಾಣಿಸುವಂತೆ ಮಾಡಿದ್ದು ಗ್ಯಾಲಿಕ್ ಆಮ್ಲ. ಓಕ್ ಮರದ ಗಂಟುಕಾಯಿಯಿಂದ ತೆಗೆಯುತ್ತಿದ್ದ ಈ ಆಮ್ಲ ಅಳಲೆಕಾಯಿಯ ಟ್ಯಾನಿನ್ನಿನಲ್ಲೂ ಇದೆ. ಅದು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನನ್ನು ಕೊಡುತ್ತದೆ, ಬೆಳ್ಳಿ ಕಣವಾಗಿ ನಿಲ್ಲುತ್ತದೆ, ಚಿತ್ರ ಮೂಡುತ್ತದೆ. ಗಿಡದ ಒಗರಿನಿಂದ ಬೆಳ್ಳಿಯ ಕಣ ತೆಗೆಯುವ ಕೆಲಸ ಹಾಗೆ ನೋಡಿದರೆ ಛಾಯಾಚಿತ್ರದಷ್ಟೇ ಹಳೆಯದು.

ಡೇವಿಯ ಬಳಿ 1813ರಲ್ಲಿ ಸಹಾಯಕನಾಗಿ ಸೇರಿದ್ದ ಮೈಕೆಲ್ ಫ್ಯಾರಡೆ, 1857ರಲ್ಲಿ ಚಿನ್ನದ ದ್ರಾವಣದಿಂದ ಮಾಣಿಕ್ಯದ ಕೆಂಪು ನೀರು ಮಾಡಿದ. ಆ ಕೆಂಪು, ಚಿನ್ನದ ಅತಿ ಸೂಕ್ಷ್ಮ ಕಣಗಳದ್ದೇ ಎಂದು ಸರಿಯಾಗಿ ಊಹಿಸಿದ. ಆದರೆ ಅವನು ಬಳಸಿದ್ದು ರಂಜಕ ಮತ್ತು ಕಾರ್ಬನ್ ಡೈಸಲ್ಫೈಡ್, ಎರಡೂ ಅಪಾಯಕಾರಿ. ಮುಂದಿನ ನೂರು ವರ್ಷಗಳಲ್ಲಿ ಫಾರ್ಮಾಲ್ಡಿಹೈಡ್ ಬಂತು, ಹೈಡ್ರಜೀನ್ ಬಂತು, ಸೋಡಿಯಂ ಬೋರೋಹೈಡ್ರೈಡ್ ಬಂತು. ಕಣಗಳು ಚೆನ್ನಾಗಿ ಬರುತ್ತಿದ್ದವು, ಜೊತೆಗೆ ವಿಷವೂ ಉಳಿಯುತ್ತಿತ್ತು. ನಡುವೆ 1985ರಲ್ಲಿ ನೆದರ್‌ಲ್ಯಾಂಡ್ಸಿನ ಸ್ಲಾಟ್ ಮತ್ತು ಗಾಯ್ಜೆ ಎಂಬ ವಿಜ್ಞಾನಿಗಳು ಸಿಟ್ರೇಟಿನ ಜೊತೆ ಟ್ಯಾನಿಕ್ ಆಮ್ಲ ಬೆರೆಸಿ, ಅದರ ಪ್ರಮಾಣ ಹೆಚ್ಚುಕಡಿಮೆ ಮಾಡುವುದರಿಂದಲೇ ಚಿನ್ನದ ಕಣದ ಗಾತ್ರವನ್ನು ಬೇಕಾದಂತೆ ಬದಲಿಸಿ ತೋರಿಸಿದರು. ತೊಗಲಿನ ಕುಣಿಯ ಪದಾರ್ಥ ಹೀಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆ ಸೇರಿತು.

1998ರಲ್ಲಿ ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ ಹನ್ನೆರಡು ಸೂತ್ರಗಳನ್ನು ಬರೆದರು. ಕಸ ಹುಟ್ಟಿದ ಮೇಲೆ ಗುಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು ಎಂಬುದು ಮೊದಲ ಸೂತ್ರ. ಆಮೇಲಿನ ಕಥೆ ವೇಗವಾಗಿ ಸಾಗುತ್ತದೆ, ನಮ್ಮ ಹತ್ತಿರಕ್ಕೂ ಬರುತ್ತದೆ. 2003ರಲ್ಲಿ ಅಮೆರಿಕದಲ್ಲಿ ಗ್ಲೂಕೋಸ್ ಮತ್ತು ಪಿಷ್ಟದಿಂದಲೇ ಬೆಳ್ಳಿಯ ಕಣ ಮಾಡಿದರು. ಇದನ್ನು ಕಬ್ಬಿನ ಸೀಮೆಯವರು ಗಮನಿಸಬೇಕು. ಅದೇ ವರ್ಷದಿಂದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ಒಂದಾದ ಮೇಲೊಂದು ಸಸ್ಯ ಹಿಡಿದರು. ಜೆರೇನಿಯಂ ಎಲೆ, 2004ರಲ್ಲಿ ಬೇವು ಮತ್ತು ಮಜ್ಜಿಗೆಹುಲ್ಲು, 2005ರಲ್ಲಿ ಹುಣಸೆ ಎಲೆ ಮತ್ತು ನೆಲ್ಲಿಕಾಯಿ. ಮಜ್ಜಿಗೆಹುಲ್ಲಿನ ರಸದಿಂದ ಚಿನ್ನದ ಚಪ್ಪಟೆ ತ್ರಿಕೋನಗಳೇ ಹುಟ್ಟಿದ್ದವು. ನಿಪ್ಪಾಣಿಯ ಮೇಲೆ ಹಾದುಹೋಗುವ ಹೆದ್ದಾರಿಯ ಒಂದು ತುದಿಯ ಕಡೆ ಈ ಕೆಲಸ ನಡೆದಿತ್ತು.

ಅದೇ ಹೆದ್ದಾರಿಯ ಇನ್ನೊಂದು ಕಡೆ ಧಾರವಾಡ. ಧಾರವಾಡ ಮೂಲದ ಕಟ್ಟೇಶ ಕಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮುಗಿಸಿ, ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ನೆಲೆಸಿದವರು. 2009ರಲ್ಲಿ ಅವರ ತಂಡ ಚಹಾದ ಕಷಾಯದಿಂದ ಚಿನ್ನದ ಕಣಗಳನ್ನು ಮಾಡಿತು. ಚಹಾದ ಒಗರಿನ ಅಣುಗಳು ಇಲ್ಲಿ ಎರಡು ಕೆಲಸ ಮಾಡುತ್ತವೆ. ಮೊದಲು ಚಿನ್ನದ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಕಣವಾಗಿಸುತ್ತವೆ, ಆಮೇಲೆ ಕಣದ ಸುತ್ತ ಹೊದಿಕೆಯಾಗಿ ನಿಂತು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಕಾಯುತ್ತವೆ. ಮುಂದೆ 2012ರಲ್ಲಿ ವಿಕಿರಣಶೀಲ ಚಿನ್ನದ ಇಂಥ ಕಣಗಳನ್ನು ಇಲಿಗಳ ಪ್ರಾಸ್ಟೇಟ್ ಗಡ್ಡೆಗೆ ಚುಚ್ಚಿ, ಗಡ್ಡೆ ಬಹಳಷ್ಟು ಕುಗ್ಗುವುದನ್ನು ಆ ತಂಡ ತೋರಿಸಿತು.

ಅಳಲೆಕಾಯಿಯ ಸರದಿಯೂ ಅದೇ 2012ರಲ್ಲಿ ಬಂತು. ತಮಿಳುನಾಡಿನ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆಯ ಎಡಿಸನ್ ಮತ್ತು ಸೇತುರಾಮನ್ ಅಳಲೆಕಾಯಿಯ ಕಷಾಯದಿಂದ ಬೆಳ್ಳಿಯ ಕಣಗಳನ್ನು ತಯಾರಿಸಿದರು. ಕಣಗಳು ಕ್ಷಣಾರ್ಧದಲ್ಲಿ ಹುಟ್ಟಿದ್ದರಿಂದ ಪ್ರಬಂಧದ ಶೀರ್ಷಿಕೆಯಲ್ಲೇ 'ತತ್‌ಕ್ಷಣ' ಎಂಬರ್ಥದ ಮಾತು ಬಂತು. ಅಷ್ಟು ಬೇಗ ಆಗಲು ಕಾರಣ ಕಾಯಿಯಲ್ಲಿ ಟ್ಯಾನಿನ್ ಅಷ್ಟು ದಟ್ಟವಾಗಿರುವುದು. ಡೋರರು ಈ ಕಾಯಿಯನ್ನೇ ಆರಿಸಿಕೊಂಡದ್ದಕ್ಕೂ ಅದೇ ಕಾರಣ.

ಇಷ್ಟು ಹೇಳಿದ ಕೂಡಲೇ ಕೆಲವರು ಎದ್ದು ನಿಂತು, ಹಾಗಾದರೆ ನಮ್ಮ ಹಿರಿಯರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು ಎನ್ನುವುದುಂಟು. ನಾನು ಒಪ್ಪುವುದಿಲ್ಲ. 2006ರಲ್ಲಿ ಜರ್ಮನಿಯ ಪೀಟರ್ ಪಾಫ್ಲರ್ ತಂಡ ಹಳೆಯ ಡಮಾಸ್ಕಸ್ ಖಡ್ಗವೊಂದರಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ಕಂಡಿತು. ಅಂಥ ಖಡ್ಗಗಳಿಗೆ ಬಳಸುತ್ತಿದ್ದ ವೂಟ್ಜ್ ಉಕ್ಕು ದಕ್ಷಿಣ ಭಾರತದ್ದು, ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹೋದದ್ದು ಎನ್ನುತ್ತಾರೆ. ಆದರೆ ಕಮ್ಮಾರನಿಗೆ ಗೊತ್ತಿದ್ದದ್ದು ಬೆಂಕಿಯ ಬಣ್ಣ, ಸುತ್ತಿಗೆಯ ಪೆಟ್ಟು ಮತ್ತು ಅಲಗಿನ ಹರಿತ. ಸ್ವರ್ಣಭಸ್ಮದಲ್ಲಿ ಇಂದು ಸೂಕ್ಷ್ಮದರ್ಶಕ ನ್ಯಾನೊ ಕಣಗಳನ್ನು ತೋರಿಸುತ್ತದೆ. ಭಸ್ಮ ಮಾಡಿದವರಿಗೆ ಗೊತ್ತಿದ್ದದ್ದು ಎಷ್ಟು ಪುಟ ಕೊಡಬೇಕು, ಬೆರಳ ಗೆರೆಯಲ್ಲಿ ಪುಡಿ ಹೇಗೆ ಕೂರಬೇಕು ಎಂಬುದು. ಕಣ ಇತ್ತು ಎಂಬುದು ಬೇರೆ, ಕಣ ಇದೆ ಎಂಬ ತಿಳಿವಳಿಕೆ ಬೇರೆ. ಡೋರರ ಕುಣಿಯಲ್ಲಂತೂ ಬೆಳ್ಳಿಯೂ ಇರಲಿಲ್ಲ, ಚಿನ್ನವೂ ಇರಲಿಲ್ಲ.

ಹಾಗಿದ್ದ ಮೇಲೆ ಅವರ ಹೆಸರು ಈ ಚರಿತ್ರೆಯಲ್ಲಿ ಏಕೆ ಬೇಕು? ಅವರಿಗೆ ಒಗರು ಗೊತ್ತಿತ್ತು, ಅದಕ್ಕೆ. ಸಸ್ಯದಿಂದ ಲೋಹದ ಕಣ ಮಾಡುವ ವಿಧಾನದ ಅತಿ ದೊಡ್ಡ ತೊಡಕು ಇದು: ಇವತ್ತು ಬಂದ ಫಲಿತಾಂಶ ಆರು ತಿಂಗಳ ನಂತರ ಬರುವುದಿಲ್ಲ. ಎಲೆ ಯಾವ ಮಣ್ಣಿನದು, ಯಾವ ಋತುವಿನದು, ಎಷ್ಟು ದಿನ ಒಣಗಿತು ಎಂಬುದರ ಮೇಲೆ ಕಷಾಯ ಬದಲಾಗುತ್ತದೆ, ಕಣದ ಗಾತ್ರವೂ ಬದಲಾಗುತ್ತದೆ. ಸೀಸೆಯಲ್ಲಿ ಬಂದ ಬೋರೋಹೈಡ್ರೈಡಿಗೆ ಈ ರಗಳೆ ಇಲ್ಲ. ಅದಕ್ಕೇ ಪ್ರಯೋಗಶಾಲೆಯಲ್ಲಿ ಗೆದ್ದ ಎಷ್ಟೋ ಹಸಿರು ವಿಧಾನಗಳು ಕಾರ್ಖಾನೆಯ ಬಾಗಿಲಲ್ಲಿ ನಿಂತುಬಿಡುತ್ತವೆ. ಬದಲಾಗುತ್ತಲೇ ಇರುವ ತೊಗಟೆ, ಕಾಯಿಗಳಿಂದ ಬದಲಾಗದ ಗುಣದ ಮಾಲು ತೆಗೆಯುವುದು ಹೇಗೆ ಎಂಬ ಈ ಪ್ರಶ್ನೆಯನ್ನು ತಲೆತಲಾಂತರದಿಂದ ದಿನವೂ ಎದುರಿಸಿದವರು ತೊಗಲು ಹದ ಮಾಡುವವರು. ಅವರ ಉತ್ತರ ಪುಸ್ತಕದಲ್ಲಿಲ್ಲ, ಕೈಯಲ್ಲಿತ್ತು. ಕೈಗಳು ಕಡಿಮೆಯಾಗುತ್ತಿವೆ.

ಕಡಿಮೆಯಾದದ್ದಕ್ಕೂ ಒಂದು ಲೋಹದ ಕಥೆಯಿದೆ. 1858ರಲ್ಲಿ ಜರ್ಮನಿಯ ಕ್ನಾಪ್ ಕ್ರೋಮಿಯಂ ಉಪ್ಪಿನಿಂದ ತೊಗಲು ಹದ ಮಾಡುವ ದಾರಿ ತೋರಿದ. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಅದಕ್ಕೆ ಪೇಟೆಂಟ್ ಪಡೆದ. ವಾರಗಳ ಕೆಲಸ ದಿನಕ್ಕೆ ಇಳಿಯಿತು. ಇಂದು ಜಗತ್ತಿನ ತೊಗಲಿನಲ್ಲಿ ಬಹುಪಾಲು ಕ್ರೋಮಿನದೇ. ಅದರ ಬೆಲೆ ಏನೆಂದು ತಮಿಳುನಾಡಿನ ಪಾಲಾರ್ ದಂಡೆಯ ಊರುಗಳನ್ನು ಕೇಳಬೇಕು. ಅಲ್ಲಿನ ತೊಗಲಿನ ಕಾರ್ಖಾನೆಗಳ ಕೊಳಚೆಯ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವೆಲ್ಲೂರು ತೀರ್ಪು, ಮಾಲಿನ್ಯ ಮಾಡಿದವನೇ ದಂಡ ತೆರಬೇಕು ಎಂಬ ತತ್ತ್ವವನ್ನು ನಮ್ಮ ಕಾನೂನಿನಲ್ಲಿ ಗಟ್ಟಿ ಮಾಡಿತು. ಅಥಣಿಯ ಕಡೆ ಈಗ ಬಹಳಷ್ಟು ಮಂದಿ ಹದವಾದ ತೊಗಲನ್ನು ಹೊರಗಿನಿಂದ ಕೊಂಡು ಚಪ್ಪಲಿ ಮಾತ್ರ ಹೊಲಿಯುತ್ತಾರೆ.

ತೊಗಟೆಯ ಹದವೇ ನಿರ್ಮಲವಾಗಿತ್ತು ಎಂದೂ ಹೇಳಲಾಗದು. ಕ್ರೋಮ್ ಇರಲಿಲ್ಲ, ನಿಜ. ಆದರೆ ಸುಣ್ಣದ ನೀರು ಕೈ ತಿನ್ನುತ್ತಿತ್ತು, ಕಂದು ನೀರು ಹಳ್ಳ ಸೇರುತ್ತಿತ್ತು, ನಾತವನ್ನು ಒಂದೇ ಕೇರಿ ಸಹಿಸಬೇಕಿತ್ತು. ಊರು ಶುದ್ಧವಾಗಿ ಉಳಿದದ್ದು ಕೊಳೆಯನ್ನು ಕೆಲವರ ಪಾಲಿಗೆ ಬಿಟ್ಟದ್ದರಿಂದ. ಹಸಿರು ಎಂಬ ಮಾತನ್ನು ಇವತ್ತು ಬಳಸುವಾಗಲೂ ಈ ಲೆಕ್ಕ ಮರೆಯಬಾರದು. ಗಿಡದ ಕಷಾಯ ಹಸಿರೇ ಇರಬಹುದು. ಅದು ಸೇರುವ ಸಿಲ್ವರ್ ನೈಟ್ರೇಟ್ ಬಂದದ್ದು ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ. ಚಿನ್ನದ ಉಪ್ಪಿಗೆ ಬೇಕಾದದ್ದು ಅದಕ್ಕಿಂತ ಉಗ್ರವಾದ ರಾಜದ್ರವ. ಪ್ರಬಂಧದ ಚಿತ್ರದಲ್ಲಿ ಎಲೆ ಇರುತ್ತದೆ, ಆಮ್ಲ ಇರುವುದಿಲ್ಲ. ಬೆಳ್ಳಿಯ ಕಣ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಅದೇ ಕಣ ಗಟಾರದ ಮೂಲಕ ಹೊಳೆ ಸೇರಿದರೆ ಬೇಕಾದ ಜೀವಿ, ಬೇಡದ ಜೀವಿ ಎಂದು ಆರಿಸುವುದಿಲ್ಲ, ಮೀನಿಗೂ ಕೇಡು. ಕಾಗವಾಡ, ಅಥಣಿ, ರಾಯಬಾಗದ ಜನ ಕುಡಿಯುವುದು, ಕಬ್ಬಿಗೆ ಹಾಯಿಸುವುದು ಕೃಷ್ಣೆಯ ನೀರನ್ನು.

ನೈಸರ್ಗಿಕವಾದದ್ದೆಲ್ಲ ನಿರಪಾಯ ಎಂಬ ನಂಬಿಕೆ ಇರುವವರು ನಿಪ್ಪಾಣಿಗೆ ಬರಬೇಕು. ತಂಬಾಕಿನ ಎಲೆಯೂ ನೈಸರ್ಗಿಕವೇ, ನಿಕೋಟಿನ್ನೂ ನೈಸರ್ಗಿಕವೇ. ತಂಬಾಕಿನ ಎಲೆಯ ರಸದಿಂದಲೂ ಬೆಳ್ಳಿಯ ಕಣ ಮಾಡಿದವರಿದ್ದಾರೆ. ಆದರೆ ಆ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ದಿನವಿಡೀ ಅದರ ಧೂಳು ಕುಡಿದವರು ನಿಪ್ಪಾಣಿಯ ಕಾರ್ಖಾನೆಗಳ ಹೆಂಗಸರು. ಅವರು ಸಂಘಟಿತರಾಗಿ ಕೂಲಿಗೂ ಮರ್ಯಾದೆಗೂ ಹೋರಾಡಿದ್ದನ್ನು ಯುಗಾಂತರ್ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿ ಉಳಿಸಿದೆ. ಕಚ್ಚಾ ಮಾಲು ಎಲೆಯೇ ಆಗಲಿ, ತೊಗಟೆಯೇ ಆಗಲಿ, ಅದನ್ನು ಮುಟ್ಟುವ ಮೈ ಯಾರದ್ದು ಎಂದು ಕೇಳದೆ ಹಸಿರಿನ ಲೆಕ್ಕ ಮುಗಿಯುವುದಿಲ್ಲ.

2025ರ ಜೂನಿನಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳಲಿಲ್ಲವೆಂದು ದೇಶವೆಲ್ಲ ಗದ್ದಲವಾಯಿತು. ಕೊನೆಗೆ ಕಂಪನಿ ಭಾರತದ ಕರಕುಶಲಿಗರಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಚಪ್ಪಲಿಯ ಆಕಾರಕ್ಕೆ ನಾವು ಅಷ್ಟು ಸಿಟ್ಟಾದೆವು. ಆ ಚಪ್ಪಲಿಯ ಒಳಗಿದ್ದ ರಸಾಯನಶಾಸ್ತ್ರಕ್ಕೆ ಹೆಸರು ಸಿಗದೆ ಹೋದದ್ದು ನಮಗೆ ಕೊರತೆ ಎಂದೇ ಅನಿಸಿಲ್ಲ.

ಅಳಲೆಕಾಯಿಯ ಕಷಾಯ ಮತ್ತು ಒಂದಿಷ್ಟು ಸಿಲ್ವರ್ ನೈಟ್ರೇಟ್ ಇದ್ದರೆ ಯಾವ ಊರಿನ ಪದವಿ ಕಾಲೇಜಿನಲ್ಲೂ ಈ ಪ್ರಯೋಗ ಮಾಡಬಹುದು. ಈ ಐದು ತಾಲೂಕುಗಳ ವಿದ್ಯಾರ್ಥಿಗಳು ಅದನ್ನು ಮಾಡುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು, ತೊಗಲು ಹದ ಮಾಡುವುದನ್ನು ಇನ್ನೂ ಬಲ್ಲ ಹಿರಿಯರ ಬಳಿ ಹೋಗಬೇಕು. ಯಾವ ತಿಂಗಳ ಕಾಯಿ, ಎಷ್ಟು ಒಣಗಿದ್ದು, ನೀರು ಎಷ್ಟು, ಒಗರು ಇಳಿಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿ ಬರೆದುಕೊಳ್ಳಬೇಕು. ಅವರು ಹೇಳಿದ್ದು ಪ್ರಯೋಗದಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷಿಸಬೇಕು, ನಿಲ್ಲದಿದ್ದರೆ ಹಾಗೆಂದೇ ಬರೆಯಬೇಕು. ಪೀಠಿಕೆಯಲ್ಲಿ ಆಯುರ್ವೇದದ ವಾಕ್ಯ ಇರಲಿ. ಅದರ ಪಕ್ಕದಲ್ಲೇ, ಈ ಕಾಯಿಯನ್ನು ಬೆಳಗಾವಿ ಜಿಲ್ಲೆಯ ಡೋರರು ತೊಗಲು ಹದ ಮಾಡಲು ಬಳಸುತ್ತಾ ಬಂದಿದ್ದಾರೆ ಎಂಬ ವಾಕ್ಯವೂ ಬರಲಿ.